ವಲಸಿಗರ ಮನೆಗೆ ಪೊಲೀಸರು ಬಂದಾಗ: ನಾಲ್ಕು ಪತ್ತೇದಾರಿ ಕಾದಂಬರಿಗಳಲ್ಲಿ ನನ್ನ ಓಟು ‘ಆರ್ಕ್ಟಿಕ್ ಚಿಲ್’ಗೆ

ಹೊರಗಿನಿಂದ ಬಂದು ನೆಲೆಸಿದವರಿಗೂ ಆ ಊರಿನ ಪೊಲೀಸರಿಗೂ ನಡುವೆ ಇರುವ ಅಪನಂಬಿಕೆಯೇ ಕಥೆಯಾಗಿರುವ ಪತ್ತೇದಾರಿ ಕಾದಂಬರಿಗಳು ಬೇಕೆಂದು ಒಂದೊಂದಾಗಿ ತರಿಸಿ ಓದಿದೆ. ನಾಲ್ಕರಲ್ಲಿ ಕೊಟ್ಟ ದುಡ್ಡು ಪೂರ್ತಿ ದಕ್ಕಿದ್ದು ಐಸ್‌ಲ್ಯಾಂಡಿನ ಅರ್ನಲ್ದುರ್ ಇಂದ್ರಿದಸನ್ ಅವರ ‘ಆರ್ಕ್ಟಿಕ್ ಚಿಲ್’ನಲ್ಲಿ. ಮೂಲ 2005ರದ್ದು, ನಾನು ಓದಿದ್ದು ಇಂಗ್ಲಿಷ್ ಅನುವಾದ. ಉಳಿದ ಮೂರೂ ಕೆಟ್ಟವೇನಲ್ಲ, ಒಂದಂತೂ ಬಹಳ ಹತ್ತಿರ ಬಂದು ಕೈತಪ್ಪಿತು.

ಐಸ್‌ಲ್ಯಾಂಡಿನ ರಾಜಧಾನಿ, ಚಳಿಗಾಲದ ರೇಕ್ಯವಿಕ್. ಥಾಯ್ಲೆಂಡಿನಿಂದ ಬಂದ ತಾಯಿಯ ಚಿಕ್ಕ ಮಗ ಎಲಿಯಾಸ್ ತಾನಿದ್ದ ವಸತಿ ಕಟ್ಟಡದ ಹತ್ತಿರವೇ ಇರಿತಕ್ಕೊಳಗಾಗಿ ಸತ್ತು ಬಿದ್ದಿದ್ದಾನೆ. ಹರಿದ ರಕ್ತ ಹೆಪ್ಪುಗಟ್ಟಿ ಹುಡುಗ ಮಂಜುಗಡ್ಡೆಗೆ ಅಂಟಿಕೊಂಡಿದ್ದಾನೆ. ಪತ್ತೇದಾರ ಎರ್ಲೆಂದುರ್ ತಾಯಿ ಸುನೀಯನ್ನು ಮಾತಾಡಿಸುವುದು ದುಭಾಷಿಯ ಮೂಲಕ. ಅವಳ ಅಳು ನೇರವಾಗಿ ಕೇಳಿಸುತ್ತದೆ, ಮಾತು ಮಾತ್ರ ಇನ್ನೊಬ್ಬರ ಬಾಯಿಂದ ಬರಬೇಕು. ಪೊಲೀಸರು ಸಹಾನುಭೂತಿಯಿಂದಲೇ ಕೂತಿದ್ದಾರೆ, ಆದರೂ ಆ ಕೋಣೆಯಲ್ಲಿ ಯಾರಿಗೂ ಯಾರೂ ಪೂರ್ತಿ ಸಿಗುವುದಿಲ್ಲ.

ಆಮೇಲೆ ಸುನೀ ಮಾಡುವ ಒಂದು ಕೆಲಸಕ್ಕಾಗಿಯೇ ಈ ಪುಸ್ತಕವನ್ನು ನಾನು ಎಲ್ಲರಿಗೂ ಹೇಳುತ್ತಿರುವುದು. ಉಳಿದಿರುವ ದೊಡ್ಡ ಮಗ ನಿರನ್‌ನನ್ನು ಅವಳು ಬಚ್ಚಿಡುತ್ತಾಳೆ. ಕೊಲೆಗಾರನಿಂದ ಕಾಪಾಡಬೇಕಾದ ಪೊಲೀಸರ ಕಣ್ಣಿಂದಲೂ ದೂರ. ಠಾಣೆಯಲ್ಲಿ ಕೂತವರಿಗೆ ಇದು ಅನುಮಾನಾಸ್ಪದ, ತಾಯಿಗೆ ಇದಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ. ಓದುವ ನಮಗೂ ನಿರನ್ ಮೇಲೆ ಒಂದು ಗಳಿಗೆ ಸಂಶಯ ಬಂದೇ ಬರುತ್ತದೆ. ಹುಡುಗ ಥಾಯ್ಲೆಂಡಿನಲ್ಲಿ ಹುಟ್ಟಿದವನು, ಇಲ್ಲಿಗೆ ಹೊಂದಿಕೊಂಡವನಲ್ಲ, ಮಾತು ಕಡಿಮೆ. ಇಷ್ಟೇ ಸಾಕಾಯಿತಲ್ಲ ನಮಗೂ ಅವನನ್ನು ಸಂಶಯಿಸಲು ಎಂದು ಗೊತ್ತಾದಾಗ ಪುಸ್ತಕದ ಮೇಲಿನ ಗೌರವ ಇಮ್ಮಡಿಯಾಯಿತು.

ಹೆನ್ನಿಂಗ್ ಮಾಂಕೆಲ್ ಅವರ ‘ಫೇಸ್‌ಲೆಸ್ ಕಿಲ್ಲರ್ಸ್’ (1991) ಈ ಸಾಲಿನಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು. ದಕ್ಷಿಣ ಸ್ವೀಡನ್ನಿನ ಹಳ್ಳಿಯಲ್ಲಿ ವೃದ್ಧ ದಂಪತಿಯ ಕೊಲೆ. ಹಂತಕರು ವಿದೇಶಿಯರಿರಬಹುದೆಂಬ ಸುಳಿವು ತನಿಖೆಯಿಂದ ಸೋರಿ ಸುದ್ದಿಯಾಗುತ್ತದೆ. ಆಮೇಲೆ ನಿರಾಶ್ರಿತರ ಶಿಬಿರಕ್ಕೆ ಬೆಂಕಿ, ಸೊಮಾಲಿಯಾದವನೊಬ್ಬನ ಕೊಲೆ. ಪೊಲೀಸರ ಒಂದು ಸಡಿಲ ಮಾತು ಊರಿನ ದ್ವೇಷಕ್ಕೆ ಹೇಗೆ ದಾರಿಯಾಗುತ್ತದೆ ಎಂಬುದು ಇಲ್ಲಿರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಇಲ್ಲ. ಆದರೆ ಶಿಬಿರದ ಒಳಗಿನ ಬದುಕು ನಮಗೆ ಕಾಣುವುದಿಲ್ಲ. ತನಿಖೆ ನಡೆಸುವ ಪೊಲೀಸ್ ಅಧಿಕಾರಿ ವಲ್ಲಾಂಡರನ ಆಯಾಸ, ಮುರಿದ ಸಂಸಾರ, ಕುಡಿತ ಎಲ್ಲವೂ ಗೊತ್ತಾಗುತ್ತದೆ, ಸತ್ತ ಸೊಮಾಲಿಯ ಬಗ್ಗೆ ತಿಳಿಯುವುದು ತೀರಾ ಕಡಿಮೆ.

ಕೈತಪ್ಪಿದ ಪುಸ್ತಕ ಆಸ್ಮಾ ಜೆಹಾನತ್ ಖಾನ್ ಅವರ ‘ದಿ ಅನ್‌ಕ್ವೈಟ್ ಡೆಡ್’ (2015). ಟೊರಾಂಟೊದ ಪತ್ತೇದಾರ ಎಸಾ ಖತ್ತಕ್ ಸ್ವತಃ ಮುಸ್ಲಿಮ್. ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ಸೂಕ್ಷ್ಮ ಪ್ರಕರಣಗಳಿಗೆಂದೇ ಇರುವ ವಿಭಾಗದ ಮುಖ್ಯಸ್ಥ. ಸ್ಕಾರ್ಬರೊದ ಕಡಿದಾದ ದಂಡೆಯಿಂದ ಬಿದ್ದು ಸತ್ತ ಶ್ರೀಮಂತನೊಬ್ಬ ಬೋಸ್ನಿಯಾದ ಯುದ್ಧಾಪರಾಧಿಯೇ ಎಂಬುದು ಪ್ರಶ್ನೆ. 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸರ್ಬ್ ಪಡೆಗಳು 8,000ಕ್ಕೂ ಹೆಚ್ಚು ಮುಸ್ಲಿಮ್ ಗಂಡಸರನ್ನೂ ಹುಡುಗರನ್ನೂ ಕೊಂದವು. ಅದು ವಿಶ್ವಸಂಸ್ಥೆ ಸುರಕ್ಷಿತವೆಂದು ಘೋಷಿಸಿದ್ದ ಜಾಗ. ಅಲ್ಲಿಂದ ಬದುಕಿ ಬಂದವರಿಗೆ ಸಮವಸ್ತ್ರದವರನ್ನು ನಂಬು ಎಂದು ಯಾವ ಬಾಯಲ್ಲಿ ಹೇಳುವುದು? ವಿಷಯದ ತೂಕದಲ್ಲಿ ಇದೇ ಮೊದಲನೆಯದು.

ತೊಡಕು ಬೇರೆ ಕಡೆ ಇದೆ. ಖತ್ತಕ್‌ಗೂ ಹಳೆಯ ಗೆಳೆಯ ನೇಟ್‌ಗೂ ಮಾತು ನಿಂತಿದೆ, ಹಿಂದೊಮ್ಮೆ ಏನೋ ನಡೆದಿದೆ, ಅದರಲ್ಲಿ ಒಬ್ಬ ಹೆಂಗಸಿದ್ದಾಳೆ. ಈ ಹಳೆಯ ವಿಷಯ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತದೆ. ಸಹಾಯಕಿ ರೇಚಲ್‌ಗೂ ಅಂಥದ್ದೇ, ಮನೆ ಬಿಟ್ಟುಹೋದ ತಮ್ಮನ ಕಥೆ. ಇದಕ್ಕೂ ಮೊದಲು ಒಂದು ಪುಸ್ತಕ ಬಂದಿರಲೇಬೇಕು ಅನ್ನಿಸಿ ಓದು ನಿಲ್ಲಿಸಿ ಹುಡುಕಿದೆ. ಇಲ್ಲ, ಸರಣಿಯ ಮೊದಲನೆಯದೇ ಇದು!

ನನ್ನ ಓದು ಮಲಗುವ ಮುಂಚಿನದು, ನಡುವೆ ಎರಡು ಮೂರು ದಿನ ಬಿಟ್ಟುಹೋಗುವುದೂ ಉಂಟು. ಮತ್ತೆ ಕೈಗೆತ್ತಿಕೊಂಡಾಗಲೆಲ್ಲ ಬೋಸ್ನಿಯಾದ ಎಳೆ ತಕ್ಷಣ ನೆನಪಾಗುತ್ತಿತ್ತು. ಈ ಅರ್ಧಂಬರ್ಧ ಸುಳಿವುಗಳಿಗಾಗಿ ಹಿಂದಿನ ಪುಟ ತಿರುವಬೇಕಾಗುತ್ತಿತ್ತು. ಬದುಕುಳಿದವರ ಸಾಕ್ಷ್ಯ ಓದಿ ಮನಸ್ಸು ಭಾರವಾಗಿರುವಾಗ ಪತ್ತೇದಾರನ ಹಳೆಯ ಮುನಿಸು ಅಡ್ಡ ಬಂದರೆ ಸಿಟ್ಟು ಬರುತ್ತದೆ. ಅದೇ ‘ಆರ್ಕ್ಟಿಕ್ ಚಿಲ್’ ಇಂಗ್ಲಿಷಿಗೆ ಬಂದ ಎರ್ಲೆಂದುರ್ ಕಾದಂಬರಿಗಳಲ್ಲಿ ಐದನೆಯದು. ಎರ್ಲೆಂದುರ್‌ಗೂ ಬಾಲ್ಯದಲ್ಲಿ ಕಳೆದುಹೋದ ತಮ್ಮನಿದ್ದಾನೆ. ಹಿಂದಿನವು ಓದಿರದಿದ್ದರೂ ಆ ನೋವು ಎಲಿಯಾಸ್ ಮತ್ತು ನಿರನ್ ಎಂಬ ಅಣ್ಣತಮ್ಮಂದಿರ ಪಕ್ಕದಲ್ಲಿ ತಾನಾಗಿಯೇ ಅರ್ಥವಾಗುತ್ತದೆ. ಒಂದು ಸಲಕ್ಕೆ ಒಂದೇ ಪುಸ್ತಕ ಕೊಳ್ಳುವ ನನ್ನಂಥವರಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ತೆಳ್ಳಗಿನ ಪುಸ್ತಕ ಬೇಕೆನ್ನುವವರಿಗೆ ಯಾಕೋಬ್ ಆರ್ಯುನಿ ಅವರ ‘ಹ್ಯಾಪಿ ಬರ್ತ್‌ಡೇ, ಟರ್ಕ್!’ (1985). ಫ್ರಾಂಕ್‌ಫರ್ಟಿನ ಖಾಸಗಿ ಪತ್ತೇದಾರ ಕಯಂಕಾಯ ಹುಟ್ಟಿನಿಂದ ಟರ್ಕಿಯವನು, ಬೆಳೆದದ್ದು ಜರ್ಮನ್ ದತ್ತು ಮನೆಯಲ್ಲಿ, ಟರ್ಕಿ ಭಾಷೆಯೇ ಬಾರದು. ಟರ್ಕಿಯಿಂದ ಕೆಲಸಗಾರರನ್ನು ಕರೆಸುವ ಒಪ್ಪಂದಕ್ಕೆ ಪಶ್ಚಿಮ ಜರ್ಮನಿ ಸಹಿ ಹಾಕಿದ್ದು 1961ರಲ್ಲಿ. ಕಾಲು ಶತಮಾನ ಕಳೆಯುತ್ತ ಬಂದರೂ ಕಯಂಕಾಯನ ಮುಖ ಕಂಡೊಡನೆ ಅಲ್ಲಿನವರ ದನಿ ಬದಲಾಗುತ್ತದೆ. ಬರೆದಾಗ ಲೇಖಕರ ವಯಸ್ಸು ಇಪ್ಪತ್ತರ ಆಸುಪಾಸು. ಬಿರುಸಾಗಿದೆ, ಆದರೆ ಗಂಡನನ್ನು ಕಳೆದುಕೊಂಡು ಪತ್ತೇದಾರನ ಬಳಿ ಬರುವ ಟರ್ಕಿ ಹೆಂಗಸಿನ ಮನೆಯೊಳಗೆ ಇನ್ನಷ್ಟು ಹೊತ್ತು ಇರಬೇಕಿತ್ತು.

ಖತ್ತಕ್‌ನನ್ನು ಇಷ್ಟಕ್ಕೇ ಬಿಡಲು ನನಗೆ ಮನಸ್ಸಿಲ್ಲ. ಎರಡನೆಯ ಪುಸ್ತಕ ‘ದಿ ಲ್ಯಾಂಗ್ವೇಜ್ ಆಫ್ ಸೀಕ್ರೆಟ್ಸ್’ಗೆ 2006ರ ಟೊರಾಂಟೊ ಭಯೋತ್ಪಾದನಾ ಸಂಚಿನ ಪ್ರಕರಣ ಪ್ರೇರಣೆ. ಹಳೆಯ ಕಥೆಯೆಲ್ಲ ಈಗ ಗೊತ್ತಿರುವುದರಿಂದ ಮುಂದಿನ ಸಲ ಅದನ್ನೇ ತರಿಸುತ್ತೇನೆ.