ಕೂದಲು ಕಸಿಯ ನಂತರದ ಬಿಸಿಲಿಗೆ ಕೊಡೆಯೋ, ಟೋಪಿಯೋ, ಸನ್‌ಸ್ಕ್ರೀನೋ?

ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಕೂದಲು ಕಸಿ ಮಾಡಿಸಿಕೊಂಡು ಚಿಕ್ಕಮಗಳೂರಿನ ಸಮೀಪದ ನಮ್ಮ ತೋಟಕ್ಕೆ ಮರಳಿದಾಗ ಅರೇಬಿಕಾ ಕುಯ್ಲು ನಡೆದಿತ್ತು. ತೋಟದೊಳಗೆ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ನೆರಳು ಧಾರಾಳವಾಗಿದೆ. ಆದರೆ ಕಾಫಿ ಒಣಗಬೇಕಾದ ಕಣದಲ್ಲಿ ನೆರಳು ಬೀಳಲೇಬಾರದು. ದಿನದಲ್ಲಿ ಮೂರು ನಾಲ್ಕು ಗಂಟೆ ಆ ಕಣದಲ್ಲೇ ನಿಲ್ಲಬೇಕಾದ ನಾನು ಮೊದಲ ನಾಲ್ಕು ತಿಂಗಳಲ್ಲಿ ಕೊಡೆ, ಬಟ್ಟೆಯ ಟೋಪಿ, ಅಡಿಕೆ ಹಾಳೆಯ ಟೋಪಿ, ಟವೆಲ್ ಮತ್ತು ಎರಡು ಬಗೆಯ ಸನ್‌ಸ್ಕ್ರೀನ್‌ಗಳನ್ನು ಬಳಸಿ ನೋಡಿದೆ. ಇವುಗಳಲ್ಲಿ ಯಾವುದು ಮೇಲು ಎಂಬುದು ಕಸಿಯಾಗಿ ಎಷ್ಟು ದಿನವಾಯಿತು ಎಂಬುದನ್ನು ಅವಲಂಬಿಸಿದೆ ಎಂಬುದೇ ನನಗೆ ಕಂಡ ಮುಖ್ಯ ಸಂಗತಿ.

ನೆತ್ತಿಗೆ ಬಿಸಿಲು ತಾಗಿದ್ದು ನಮಗೆ ತಿಳಿಯುವುದೇ ಇಲ್ಲ ಎಂಬುದನ್ನು ಮೊದಲು ಹೇಳಬೇಕು. ಕಸಿಯ ವೇಳೆ ಚರ್ಮದ ಸಣ್ಣ ನರಗಳಿಗೂ ಪೆಟ್ಟಾಗುವುದರಿಂದ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ನೆತ್ತಿ ಜೋಮು ಹಿಡಿದಂತಿರುತ್ತದೆ. ಅದರ ಮೇಲೆ ನಮ್ಮ ಊರಿನ ಚಳಿಗಾಲದ ಗಾಳಿ ತಂಪು. ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ, ತೆಳು ಮೋಡ ಅದನ್ನು ಹೆಚ್ಚೇನೂ ತಡೆಯುವುದಿಲ್ಲ. ಐದನೆಯ ವಾರದಲ್ಲಿ ಒಂದು ದಿನ, ಮೋಡವಿದೆಯೆಂದು ಬರಿತಲೆಯಲ್ಲಿ ಎರಡು ಗಂಟೆ ಕಣದಲ್ಲಿ ಕಳೆದೆ. ಉರಿ ಇಲ್ಲ, ನೋವಿಲ್ಲ. ಸಂಜೆ ನನ್ನ ಹೆಂಡತಿ ನೋಡಿ, ಮುಂದಲೆಯೆಲ್ಲ ಕೆಂಪಾಗಿದೆಯಲ್ಲ ಎಂದು ಗಾಬರಿಯಾದಳು. ಕೆಂಪು ನಾಲ್ಕು ದಿನದಲ್ಲಿ ಇಳಿಯಿತು, ಆದರೆ ಅಲ್ಲಿ ಉಳಿದ ಕಂದುಛಾಯೆ ಮಾಸಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಮಾಯುತ್ತಿರುವ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಅದರಲ್ಲೂ ನಮ್ಮಂಥ ಕಂದು ಮೈಬಣ್ಣದವರಲ್ಲಿ. ಆ ದಿನದಿಂದ ನಾನು ಸೆಕೆಯನ್ನು ನಂಬುವುದನ್ನು ಬಿಟ್ಟು ನೆರಳನ್ನು ನೋಡತೊಡಗಿದೆ: ನೆಲದ ಮೇಲಿನ ನನ್ನ ನೆರಳು ನನ್ನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಬಿಸಿಲು ತೀವ್ರವಾಗಿದೆ ಎಂದರ್ಥ.

ಮೊದಲ ಹತ್ತು ಹನ್ನೆರಡು ದಿನಗಳಿಗೆ ಕೊಡೆಗೆ ಸಮನಾದದ್ದು ಇಲ್ಲ, ಏಕೆಂದರೆ ಅದು ತಲೆಯನ್ನು ಮುಟ್ಟುವುದಿಲ್ಲ. ಆ ದಿನಗಳಲ್ಲಿ ನೆಟ್ಟ ಗ್ರಾಫ್ಟ್‌ಗಳು, ಅಂದರೆ ಬುಡಸಹಿತ ತೆಗೆದು ನೆಟ್ಟ ಕೂದಲುಗಳು, ಇನ್ನೂ ಬೇರೂರುತ್ತಿರುತ್ತವೆ, ಹಕ್ಕಳೆ ಕಟ್ಟಿರುತ್ತದೆ, ಸ್ವಲ್ಪ ಉಜ್ಜಿದರೂ ಹಾನಿ. ಮನೆಯಲ್ಲಿದ್ದ ಬಣ್ಣದ ತೆಳು ಕೊಡೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಾಗ ಬಟ್ಟೆಯೊಳಗಿಂದ ಬೆಳಕು ಜಿನುಗುತ್ತಿತ್ತು. ಅಪ್ಪನ ಹಳೆಯ ದಪ್ಪ ಕರಿಕೊಡೆಯಲ್ಲಿ ಹಾಗಿರಲಿಲ್ಲ, ಅದನ್ನೇ ಉಳಿಸಿಕೊಂಡೆ. ಕೊರತೆಗಳೂ ಇವೆ. ಒಂದು ಕೈ ಸದಾ ಕಟ್ಟಿಹಾಕಿದಂತಾಗಿ ಹರವಿದ ಕಾಫಿಯನ್ನು ತಿರುವುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕಾಯಿತು, ಮತ್ತು ಸಿಮೆಂಟು ಕಣದಿಂದ ಹೊರಳಿ ಬರುವ ಬೆಳಕು ಕೊಡೆಯ ಅಡಿಯಿಂದಲೇ ಮುಖಕ್ಕೂ ಹಣೆಯ ಅಂಚಿಗೂ ಬೀಳುತ್ತದೆ. ಕಸಿಗಾಗಿ ಕೂದಲು ತೆಗೆದ ಹಿಂದಲೆಯೂ ಗಾಯವೇ ಎಂಬುದನ್ನು ಮರೆತು ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿಯುವುದು ನಾನು ಹಲವು ದಿನ ಮಾಡಿದ ತಪ್ಪು.

ಟವೆಲ್ ಸುತ್ತುವುದನ್ನು ಯಾರೂ ಮಾಡದಿರಲಿ. ಅದರ ನೂಲಿನ ಕುಣಿಕೆಗಳು ಹಕ್ಕಳೆಗೆ ಸಿಕ್ಕಿಕೊಳ್ಳುತ್ತವೆ; ಮೂರನೆಯ ವಾರದಲ್ಲೂ ನನಗೆ ಹಾಗಾಯಿತು.

ಹನ್ನೆರಡನೆಯ ದಿನ ವೈದ್ಯರು ಸಡಿಲ ಟೋಪಿಗೆ ಒಪ್ಪಿದರು. ಈ ದಿನ ಒಬ್ಬೊಬ್ಬ ವೈದ್ಯರಲ್ಲಿ ಬೇರೆ ಬೇರೆಯಾಗಿರುತ್ತದೆ, ಆದ್ದರಿಂದ ನಿಮ್ಮವರನ್ನೇ ಕೇಳಬೇಕು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ನನ್ನ ಅಳತೆಗಿಂತ ಒಂದು ಅಳತೆ ದೊಡ್ಡದಾದ, ಸುತ್ತಲೂ ಅಂಚಿರುವ ಎರಡು ಟೋಪಿಗಳನ್ನು ಕೊಂಡೆ: ಒಂದು ಬಿಳಿಯ ತೆಳು ಹತ್ತಿ, ಇನ್ನೊಂದು ಒತ್ತಾಗಿ ನೇಯ್ದ ಗಾಢ ನೀಲಿ. ಬಿಳಿಯದು ತಂಪೆನಿಸಿದರೂ ಬೆವರಿನಿಂದ ತೊಯ್ದ ತೆಳು ಹತ್ತಿ ಕಿರಣಗಳನ್ನು ಇನ್ನಷ್ಟು ಒಳಬಿಡುತ್ತದೆ. ಗಾಢ ಬಣ್ಣದ ಒತ್ತು ಬಟ್ಟೆಯೇ ಉತ್ತಮ ತಡೆ. ನೀಲಿ ಟೋಪಿಯನ್ನು ಹಿಂದಲೆಯಿಂದ ಮೊದಲು ಇಟ್ಟು ಮುಂದಕ್ಕೆ ಮೆಲ್ಲನೆ ಇಳಿಸುವುದು, ಹಣೆಯ ಮೇಲೆ ಎಳೆಯದಿರುವುದು, ಅರ್ಧ ಗಂಟೆಗೊಮ್ಮೆ ನೆರಳಲ್ಲಿ ತೆಗೆದು ಬೆವರು ಆರಲು ಬಿಡುವುದು, ದಿನವೂ ಒಗೆಯುವುದು ರೂಢಿಯಾಯಿತು.

ಅಡಿಕೆ ಕೊನೆ ತೆಗೆಯಲು ಬರುವ ಕೊನೆಗಾರರೊಬ್ಬರು ತಮ್ಮ ಹಾಳೆ ಟೋಪಿಯಂಥದ್ದೇ ಒಂದನ್ನು ಮಾಡಿಕೊಟ್ಟು, "ಇದ್ರೊಳಗೆ ಬಿಸ್ಲೂ ಇಳಿಯಲ್ಲ, ಸೆಕೆನೂ ಆಗಲ್ಲ ಅಣ್ಣ" ಎಂದರು. ಅವರ ಮಾತು ನಿಜ. ಬೆಳಕು ಒಂದಿಷ್ಟೂ ತೂರದ, ಹಗುರವಾದ ಹೊದಿಕೆ ಅದು. ಆದರೆ ಹಾಳೆಯ ಗಟ್ಟಿ ಅಂಚು ಹಣೆಯ ಮೇಲೆ, ಹೊಸ ಕೂದಲಿನ ಸಾಲಿನ ಮೇಲೆಯೇ ಕೂರುತ್ತದೆ, ಕಿವಿ ಮತ್ತು ಕುತ್ತಿಗೆಗೆ ನೆರಳಿಲ್ಲ. ಮೂರನೆಯ ತಿಂಗಳು ಕಳೆದ ಮೇಲಷ್ಟೇ ಅದನ್ನು ಧೈರ್ಯವಾಗಿ ಧರಿಸಿದೆ.

ಸನ್‌ಸ್ಕ್ರೀನ್‌ಗೆ ಅನುಮತಿ ಸಿಕ್ಕಿದ್ದು ಒಂದು ತಿಂಗಳ ನಂತರ, ಗಾಯಗಳೆಲ್ಲ ಮುಚ್ಚಿದ ಮೇಲೆ. ನೆಟ್ಟ ಕೂದಲು ತಾತ್ಕಾಲಿಕವಾಗಿ ಉದುರಿ ನೆತ್ತಿ ಮತ್ತೆ ಬೋಳಾಗುವುದೂ ಅದೇ ಹೊತ್ತಿಗೆ, ಹೀಗಾಗಿ ಹಚ್ಚುವುದು ಸುಲಭ, ಅಗತ್ಯವೂ ಹೆಚ್ಚು. ಜಿಂಕ್ ಆಕ್ಸೈಡ್ ಇರುವ ಕ್ರೀಮು ಸ್ವಲ್ಪವೂ ಉರಿಯಲಿಲ್ಲ, ಆದರೆ ಬಿಳಿ ಪದರವಾಗಿ ಉಳಿದು, ತೊಳೆಯುವಾಗ ಉಜ್ಜುವ ಆಸೆ ಹುಟ್ಟಿಸುತ್ತಿತ್ತು. ಎರಡನೆಯದಾದ ಜೆಲ್ ಅನ್ನು ಚರ್ಮ ಬೇಗ ಹೀರಿಕೊಂಡಿತು. ಮೊದಲ ವಾರ ಮಾತ್ರ ಸಣ್ಣಗೆ ಚುರುಗುಟ್ಟಿತು. ಎಸ್‌ಪಿಎಫ್ (ಸನ್‌ಸ್ಕ್ರೀನ್ ನೀಡುವ ರಕ್ಷಣೆಯ ಅಂಕಿ) 30 ಇದ್ದರೆ ಅದು ಚರ್ಮವನ್ನು ಸುಡುವ ನೇರಳಾತೀತ ಕಿರಣಗಳಾದ ಯುವಿಬಿಯ ಸುಮಾರು ಶೇ. 97ನ್ನು, 50 ಸುಮಾರು ಶೇ. 98ನ್ನು ತಡೆಯುತ್ತದೆ, ಆದ್ದರಿಂದ ಆ ಅಂಕಿಗಿಂತ ಸಾಕಷ್ಟು ಹಚ್ಚುವುದೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚುವುದೂ ಮುಖ್ಯ. ಕಣದ ದುಡಿಮೆಯಲ್ಲಿ ಎರಡು ಗಂಟೆಯ ಲೆಕ್ಕ ನನಗೆ ಒಮ್ಮೆಯೂ ಸರಿಯಾಗಿ ನಡೆಯಲಿಲ್ಲ, ಆದ್ದರಿಂದ ಟೋಪಿಯ ಬದಲಿಗೆ ಅದನ್ನು ಎಂದೂ ನಂಬಲಿಲ್ಲ. ನಾಲ್ಕನೆಯ ತಿಂಗಳಲ್ಲಿ ಕೂದಲು ಚಿಗುರತೊಡಗಿದ ಮೇಲೆ ಕ್ರೀಮನ್ನು ಕೈಬಿಟ್ಟೆ. ಈಗ ಬೈತಲೆಗೂ ಹಣೆಯ ಅಂಚಿಗೂ ಜೆಲ್ ಹಚ್ಚಿ, ಅದರ ಮೇಲೆ ಆ ನೀಲಿ ಟೋಪಿಯನ್ನೇ ಇಟ್ಟು ಹೊರಡುತ್ತೇನೆ.