ಬ್ಯಾಕಪ್ ಎಲ್ಲಾ ಹಸಿರು ತೋರಿಸ್ತಿತ್ತು, ಕೀ ಮಾತ್ರ ಸುಟ್ಟುಹೋದ ಸರ್ವರ್ ಒಳಗಿತ್ತು

ಪ್ರಾಕ್ಸ್‌ಮಾಕ್ಸ್‌ನಲ್ಲಿ (ಒಂದೇ ಸರ್ವರ್ ಒಳಗೆ ಹಲವು ಕಂಪ್ಯೂಟರ್ ಓಡಿಸೋ ಸಾಫ್ಟ್‌ವೇರ್) ವಿಎಂ, ಅಂದ್ರೆ ವರ್ಚುವಲ್ ಕಂಪ್ಯೂಟರ್ ಓಡಿಸ್ತಿರೋರು, ಅದರಲ್ಲೂ ಸಣ್ಣ ಫ್ಯಾಕ್ಟರಿಗೆ, ಆಫೀಸಿಗೆ ಒಬ್ರೇ ಸಿಸ್ಟಂ ನೋಡ್ಕೊಳ್ಳೋರು, ದಯವಿಟ್ಟು ಪೂರ್ತಿ ಓದಿ. ನನಗಾಗಿದ್ದು ನಿಮಗೆ ಆಗೋದು ಬೇಡ.

ಪೀಣ್ಯದಲ್ಲಿ ಒಂದು ಮಷಿನಿಂಗ್ ಯೂನಿಟ್‌ಗೆ ನಾನು ಸಪೋರ್ಟ್ ಕೊಡ್ತೀನಿ. ಇರೋದು ಒಂದೇ ಸರ್ವರ್, ಅದರಲ್ಲಿ ಮೂರು ವಿಎಂ, ಲೆಕ್ಕ ಇಡೋ ಟ್ಯಾಲಿಗೊಂದು, ಆರ್ಡರ್ ಸ್ಟಾಕ್ ನೋಡೋ ಇಆರ್‌ಪಿಗೊಂದು, ಡ್ರಾಯಿಂಗು, ಮಷೀನ್ ನಡೆಸೋ ಸಿಎನ್‌ಸಿ ಪ್ರೋಗ್ರಾಮು ಎಲ್ಲಾ ಇಡೋ ಫೈಲ್ ಸರ್ವರ್ ಒಂದು. ಮೇಲಿನ ಮಹಡೀಲಿ ಒಂದು ಹಳೇ ಡೆಸ್ಕ್‌ಟಾಪ್‌ಗೆ ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಹಾಕಿದ್ದೆ. ಅದು ಡಿಸ್ಕನ್ನ 4 ಎಂಬಿ ತುಂಡು ತುಂಡಾಗಿ ನೋಡತ್ತೆ, ಒಮ್ಮೆ ಹೋಗಿರೋ ತುಂಡನ್ನ ಮತ್ತೆ ಕಳಿಸಲ್ಲ. ವಿಎಂ ಆಫ್ ಆಗದೆ ಓಡ್ತಾನೇ ಇದ್ರೆ ಯಾವ ಭಾಗ ಬದಲಾಯ್ತು ಅನ್ನೋದು ಡರ್ಟಿ ಬಿಟ್‌ಮ್ಯಾಪ್‌ನಲ್ಲಿ ಇರತ್ತೆ, ಹಾಗಾಗಿ ಇಡೀ ಡಿಸ್ಕ್ ಓದೋ ಕೆಲಸಾನೂ ಇಲ್ಲ. 900 ಜಿಬಿ ಫೈಲ್ ಸರ್ವರ್‌ನ ಬ್ಯಾಕಪ್ ರಾತ್ರಿ ಏಳೆಂಟು ನಿಮಿಷಕ್ಕೆ ಮುಗೀತಿತ್ತು. ವಾರಕ್ಕೊಮ್ಮೆ ಬ್ಯಾಕಪ್ ಪರೀಕ್ಷೆ ಮಾಡೋ ವೆರಿಫೈ ಕೂಡ ಓಡ್ತಿತ್ತು, ಯಾವಾಗ ನೋಡಿದ್ರೂ ಹಸಿರು ಟಿಕ್. ನನಗೆ ಪೂರ್ತಿ ನೆಮ್ಮದಿ.

ಏಪ್ರಿಲ್‌ನಲ್ಲಿ ಒಂದಿನ ಸಂಜೆ ಗುಡುಗು ಸಿಡಿಲು ಮಳೆ ಬಂತಲ್ಲ, ಅವತ್ತು ಮದರ್‌ಬೋರ್ಡ್ ಜೊತೆ ಎರಡೂ ಎಸ್‌ಎಸ್‌ಡಿ ಹೋಯ್ತು. ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತ ಎರಡರಲ್ಲೂ ಒಂದೇ ಡೇಟಾ ಬರೆಯೋ ಹಾಗೆ ಮಿರರ್ ಮಾಡಿದ್ದೆ ಸ್ವಾಮಿ, ಆದ್ರೆ ಎರಡಕ್ಕೂ ಕರೆಂಟ್ ಬರೋದು ಒಂದೇ ಪವರ್ ಸಪ್ಲೈಯಿಂದ.

ಓನರ್‌ಗೆ ಧೈರ್ಯವಾಗಿ ಹೇಳ್ದೆ, ಸರ್ ಬ್ಯಾಕಪ್ ಇದೆ, ಹೊಸ ಮಷೀನ್ ತರಿಸಿ, ಅದು ಬಂದ ದಿನಾನೇ ಎಲ್ಲಾ ವಾಪಸ್ ಬರತ್ತೆ ಅಂತ. ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ ಹೆಚ್ಚು ಅಂದ್ರೆ 110 ಎಂಬಿ, 900 ಜಿಬಿಗೆ ಎರಡೂಕಾಲು ಗಂಟೆ ಆದ್ರೂ ಬೇಕು ಅಂತ ಲೆಕ್ಕ ಕೂಡ ಹಾಕಿದ್ದೆ. ಹೊಸ ಸರ್ವರ್ ಬಂತು, ಪ್ರಾಕ್ಸ್‌ಮಾಕ್ಸ್ ಹಾಕ್ದೆ, ಬ್ಯಾಕಪ್ ಸ್ಟೋರೇಜ್ ಜೋಡಿಸ್ದೆ, ಸಿಡಿಲಿನ ಹಿಂದಿನ ರಾತ್ರಿಯ ಬ್ಯಾಕಪ್‌ವರೆಗೂ ಲಿಸ್ಟಲ್ಲಿ ಕಾಣಿಸ್ತು. ರಿಸ್ಟೋರ್ ಒತ್ತಿದೆ. ಕೀ ಇಲ್ಲ ಅಂತ ಎರರ್ ಬಂತು.

ಎರಡು ವರ್ಷದ ಹಿಂದೆ ಸೆಟಪ್ ಮಾಡುವಾಗ ಎನ್‌ಕ್ರಿಪ್ಷನ್ ಆನ್ ಮಾಡಿದ್ದೆ, ಅಂದ್ರೆ ಬ್ಯಾಕಪ್‌ಗೆ ಬೀಗ, ಕೀ ಫೈಲ್ ಇಲ್ಲದೆ ಅದನ್ನ ಯಾರೂ ಓದೋಕಾಗಲ್ಲ. ಆ ಕೀ ಇರೋದು ಪ್ರಾಕ್ಸ್‌ಮಾಕ್ಸ್ ಓಡೋ ಸರ್ವರ್‌ನಲ್ಲೇ, /ಇಟಿಸಿ/ಪಿವಿಇ ಫೋಲ್ಡರ್ ಒಳಗೆ, ಬ್ಯಾಕಪ್ ಸರ್ವರ್‌ಗೆ ಅದು ಹೋಗೋದೇ ಇಲ್ಲ. ಕೀ ಮಾಡಿದ ತಕ್ಷಣ ಒಂದು ಕಿಟಕಿ ತೆರೆದು ಡೌನ್‌ಲೋಡ್ ಮಾಡ್ಕೊಳ್ಳಿ ಇಲ್ಲಾ ಪ್ರಿಂಟ್ ತೆಗೀರಿ ಅಂತ ಹೇಳಿರತ್ತೆ, ಆಮೇಲೆ ಮಾಡೋಣ ಅಂತ ಮುಚ್ಚಿಬಿಟ್ಟಿದ್ದೆ. ವೆರಿಫೈ ಹೇಗೆ ಪಾಸ್ ಆಗ್ತಿತ್ತು ಅಂತ ಕೇಳ್ತೀರಾ, ಬ್ಯಾಕಪ್ ಸರ್ವರ್ ಹತ್ರ ಕೀ ಇಲ್ವಲ್ಲ, ತುಂಡುಗಳು ಕೆಡದೆ ಇದಾವಾ ಅಂತ ಮಾತ್ರ ಅದು ನೋಡೋದು. ತೆಗೆಯೋಕೆ ಬರತ್ತಾ ಇಲ್ವಾ ಅದಕ್ಕೆ ಗೊತ್ತಿಲ್ಲ. ಸಾಫ್ಟ್‌ವೇರ್ ತಪ್ಪಿಲ್ಲ ಇದ್ರಲ್ಲಿ, ಪೂರ್ತಿ ನಂದೇ.

ಡೇಟಾ ರಿಕವರಿ ಅಂಗಡಿಗೆ ಎಸ್‌ಎಸ್‌ಡಿ ಕೊಟ್ವಿ, ಕಂಟ್ರೋಲರ್ ಹೋಗಿದೆ ಆಗಲ್ಲ ಅಂದ್ರು. ಕೊನೆಗೆ ಸಿಕ್ಕಿದ್ದು ಎರಡೂವರೆ ತಿಂಗಳ ಹಿಂದೆ ಯುಎಸ್‌ಬಿ ಡಿಸ್ಕಿಗೆ ತೆಗೆದಿಟ್ಟಿದ್ದ ಎನ್‌ಕ್ರಿಪ್ಷನ್ ಇಲ್ಲದ ಬ್ಯಾಕಪ್ ಫೈಲ್‌ಗಳು. ಅಲ್ಲಿಂದ ಈಚೆಗಿನದನ್ನ ಅಕೌಂಟ್ಸ್ ಮೇಡಂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-1, 2ಬಿ (ಮಾರಾಟದ, ಖರೀದಿಯ ಬಿಲ್ ಪಟ್ಟಿ) ತೆಗೆದು, ವಾಟ್ಸಾಪ್‌ನಲ್ಲಿ ಕಳಿಸಿದ್ದ ಪಿಡಿಎಫ್ ಹುಡುಕಿ ಒಂದೊಂದೇ ಬಿಲ್ ಮತ್ತೆ ಎಂಟ್ರಿ ಮಾಡಿದ್ರು, ಹದಿನೆಂಟು ದಿನ, ಭಾನುವಾರಾನೂ ಬಂದು. ಅವರ ಮುಖ ನೋಡೋಕೆ ನನಗಾಗ್ತಿರ್ಲಿಲ್ಲ. ಕೆಲವು ಸಿಎನ್‌ಸಿ ಪ್ರೋಗ್ರಾಂ ಮಷೀನ್‌ಗಳ ಮೆಮೊರೀಲೇ ಉಳ್ಕೊಂಡಿತ್ತು, ಆಪರೇಟರ್‌ಗಳೇ ತೆಗೆದುಕೊಟ್ರು.

ಇವತ್ತೇ ಒಂದು ಕೆಲಸ ಮಾಡಿ. ಬ್ಯಾಕಪ್ ಲಿಸ್ಟಲ್ಲಿ ಬೀಗದ ಗುರುತು ಇದ್ರೆ ಆ ಕೀ ಸರ್ವರ್ ಬಿಟ್ಟು ಇನ್ನೆಲ್ಲಿದೆ ಅಂತ ಹುಡುಕಿ, ಇಲ್ಲ ಅಂದ್ರೆ ಪೇಪರ್ ಕೀ ಪ್ರಿಂಟ್ ತೆಗೀರಿ, ನಮ್ದು ಈಗ ಓನರ್ ಮನೆ ಬೀರೂನಲ್ಲಿದೆ. ಆಮೇಲೆ ಒಂದು ವಿಎಂನ ಬೇರೆ ಮಷೀನ್‌ಗೆ ರಿಸ್ಟೋರ್ ಮಾಡಿ, ಇರೋ ಸರ್ವರ್‌ಗೇ ಮಾಡಿದ್ರೆ ಕೀ ಅಲ್ಲೇ ಇರತ್ತೆ, ಏನೂ ಗೊತ್ತಾಗಲ್ಲ. ರಿಸ್ಟೋರ್ ಆದ್ಮೇಲೆ ಆನ್ ಮಾಡಿ ಟ್ಯಾಲಿಯಲ್ಲಿ ನಿನ್ನೆಯ ಬಿಲ್ ಬರತ್ತಾ ನೋಡಿ, ಎಷ್ಟು ಹೊತ್ತಾಯ್ತು ಅಂತ ಬರೆದಿಡಿ. ವಿಎಂ ಒಳಗೆ ಗೆಸ್ಟ್ ಏಜೆಂಟ್ (ಬ್ಯಾಕಪ್ ಹೊತ್ತಲ್ಲಿ ಡಿಸ್ಕಿಗೆ ಬರೆಯೋದನ್ನ ಒಂದು ಕ್ಷಣ ತಡೆಯೋ ಸಣ್ಣ ಪ್ರೋಗ್ರಾಂ) ಹಾಕಿಲ್ಲ ಅಂದ್ರೆ ಅದನ್ನೂ ಹಾಕಿ, ಇಲ್ದಿದ್ರೆ ಡೇಟಾಬೇಸ್ ಅರ್ಧ ಬರೀತಿರೋ ಹೊತ್ತಲ್ಲೇ ಬ್ಯಾಕಪ್ ಆಗಿರಬಹುದು.

ನಮ್ಮ ಡ್ರಾಯಿಂಗ್‌ಗಳಲ್ಲಿ ಹೆಚ್ಚಿನವು ಕಸ್ಟಮರ್‌ಗಳಿಂದ ವಾಪಸ್ ಬಂದ್ವು. ಯೂನಿಟ್‌ನವರೇ ಕೂತು ಮಾಡಿದ್ದ ಎರಡು ಫಿಕ್ಸ್ಚರ್ ಡಿಸೈನ್ ಮಾತ್ರ ಇನ್ನೂ ಸಿಕ್ಕಿಲ್ಲ.