ಗೊಟಗೋಡಿ ರಾಕ್ ಗಾರ್ಡನ್ನಾ, ಕನೇರಿ ಮಠದ ಮ್ಯೂಸಿಯಮ್ಮಾ?

ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆ ರಜೆ ಬಂತೆಂದರೆ ಈ ಎರಡು ಹೆಸರು ಬಂದೇ ಬರುತ್ತವೆ. ಒಂದು ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಇನ್ನೊಂದು ಕೊಲ್ಹಾಪುರದ ಹತ್ತಿರ ಕನೇರಿಯ ಸಿದ್ಧಗಿರಿ ಮಠದ ಗ್ರಾಮಜೀವನ ಮ್ಯೂಸಿಯಂ. ಎರಡೂ ಬಯಲಲ್ಲಿ, ಎರಡರಲ್ಲೂ ಆಳೆತ್ತರದ ಗೊಂಬೆಗಳು, ವಿಷಯವೂ ಹಳ್ಳಿ ಬದುಕೇ. ಮೇಲಾಗಿ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಎರಡಕ್ಕೂ ಹೋಗಬಹುದು. ಹಾಗಾಗಿ ಒಂದು ನೋಡಿದರೆ ಸಾಕು ಅನ್ನುವವರೇ ಜಾಸ್ತಿ. ಎರಡೂ ಕಡೆ ಅಡ್ಡಾಡಿದ ಮೇಲೆ ನನಗೆ ಹಾಗೆ ಅನ್ನಿಸಲಿಲ್ಲ.

ಗೊಟಗೋಡಿಗೆ ಬಂಡೆ ನೋಡಲು ಹೋಗಬೇಡಿ. ಹೆಸರು ರಾಕ್ ಗಾರ್ಡನ್, ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರು ಆಯ್ದು ಕಟ್ಟಿದ ತೋಟ ನೆನಪಾಗುತ್ತದೆ, ಆದರೆ ಇಲ್ಲಿರುವುದು ಜನ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆ ಇದು. ಅವರು ಚಿತ್ರ, ಶಿಲ್ಪ ಮಾಡಿದ್ದಷ್ಟೇ ಅಲ್ಲ, ನಮ್ಮ ಕಡೆಯ ಬಯಲಾಟವಾದ ದೊಡ್ಡಾಟದಲ್ಲೂ ಮುಳುಗಿದ್ದವರು. 2020ರಲ್ಲಿ ತೀರಿಕೊಂಡರು. ಆ ದೊಡ್ಡಾಟದ ಕಣ್ಣು ಇಲ್ಲಿ ಎದ್ದು ಕಾಣುತ್ತದೆ. ಯಾವ ಗೊಂಬೆಯೂ ಸುಮ್ನೆ ನಿಂತಿಲ್ಲ. ಸಂತೆಯಲ್ಲಿ ಕೊಳ್ಳುವವರು, ಮಾರುವವರು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ, ನಾವು ನಡುವೆ ಹಾದು ಹೋದರೆ ಅವರ ಮಾತಿಗೆ ಅಡ್ಡ ಬಂದ ಹಾಗಾಗುತ್ತದೆ. ಗೌಡರ ಮನೆಗೆ ಹೊಕ್ಕರೆ ಒಟ್ಟು ಕುಟುಂಬವೇ ಅಲ್ಲಿದೆ, ಪ್ರತಿಯೊಬ್ಬರಿಗೂ ಒಂದೊಂದು ಕೆಲಸ. ಸೀರೆ ಉಟ್ಟ ರೀತಿ, ರುಮಾಲು ಸುತ್ತಿದ ರೀತಿ ನಮ್ಮ ಕಡೆಯದೇ. ನಮ್ಮ ಅತ್ತೆ ಒಂದು ಗೊಂಬೆ ನೋಡಿ, "ಅಯ್ಯ, ಥೇಟ್ ನಮ್ಮ ದೊಡ್ಡವ್ವನ ಕೂತಂಗ ಕೂತಾಳ ನೋಡ" ಅಂದರು. ಅವರನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ಸಾಕುಸಾಕಾಯಿತು.

ಇನ್ನು ರಾಜ್‌ಕುಮಾರ್ ಸರ್ಕಲ್. ಅಣ್ಣಾವ್ರು ಬೇರೆ ಬೇರೆ ಪಾತ್ರಗಳ ವೇಷದಲ್ಲಿ ಸಾಲಾಗಿ ನಿಂತಿದ್ದಾರೆ. ಫೋಟೋ ತೆಗೆಸಿಕೊಳ್ಳುವ ಜನ ಇಲ್ಲೇ ಜಾಸ್ತಿ. ಶಿಲ್ಪದ ಲೆಕ್ಕದಲ್ಲಿ ನನಗೆ ಇದು ಅಷ್ಟೊಂದು ಹಿಡಿಸಲಿಲ್ಲ. ಸಂತೆಯ ಆ ಹೆಸರಿಲ್ಲದ ಮುದುಕಿಯರ ಮುಖದಲ್ಲಿ ಇದಕ್ಕಿಂತ ಜೀವ ಇದೆ. ಬೈಕೊಳ್ಳುವವರು ಬೈಕೊಳ್ಳಿ!

ಕನೇರಿ ಬೇರೆಯೇ ಬಗೆ. ಅದು ಮಠ, ದೂರದಿಂದಲೇ 42 ಅಡಿ ಎತ್ತರದ ಶಿವ ಕಾಣುತ್ತಾನೆ. ಮ್ಯೂಸಿಯಮ್ಮಿನ ಮೊದಲ ಭಾಗದಲ್ಲಿ ಪತಂಜಲಿ, ಸುಶ್ರುತ, ಕಣಾದ, ವರಾಹಮಿಹಿರ ಇತ್ಯಾದಿ ಋಷಿಗಳು, ಪಂಡಿತರು. ಮಕ್ಕಳು ಈ ಭಾಗವನ್ನು ಓಡಿಕೊಂಡೇ ದಾಟುತ್ತಾರೆ, ನಾನೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆಮೇಲೆ ಬರುವ ಬಯಲಿನ ಹಳ್ಳಿಯೇ ನಿಜವಾದ ಸರಕು. ಕಂಬಾರ, ಕುಂಬಾರ, ಬಡಗಿ, ಕ್ಷೌರಿಕ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವವರು. ಒಬ್ಬೊಬ್ಬರ ಕಸುಬಿಗೂ ಒಂದು ಜಾಗ, ಅದರ ಸಾಮಾನು, ಕೆಲಸದ ಹದ ಎಲ್ಲವನ್ನೂ ತೋರಿಸಿದ್ದಾರೆ. ಮರಾಠಿ ಸೀಮೆಯ ಹನ್ನೆರಡು ಬಲುತೇದಾರರ ವ್ಯವಸ್ಥೆ ಇದು, ಅಂದರೆ ನಮ್ಮ ಆಯಗಾರರ ಪದ್ಧತಿಯ ಹಾಗೇ, ಊರಿಗೆ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುವುದು. ಕುಲುಮೆ ಹೇಗೆ ನಡೆಯುತ್ತಿತ್ತು ಎಂದು ಮಗು ಕೇಳಿದರೆ ಗೊಟಗೋಡಿಗಿಂತ ಇಲ್ಲಿ ತೋರಿಸಿ ಹೇಳುವುದು ಸುಲಭ.

ಆದರೆ ಇಲ್ಲಿ ಎಲ್ಲರೂ ಬಹಳ ಸಮಾಧಾನವಾಗಿದ್ದಾರೆ. ಯಾರಿಗೆ ಎಷ್ಟು ಕಾಳು ಸಿಗುತ್ತಿತ್ತು, ಬರಗಾಲ ಬಂದರೆ ಕುಂಬಾರನ ಗತಿ ಏನು, ಯಾರ ಮನೆ ಊರ ಹೊರಗಿತ್ತು, ಅದ್ಯಾವುದೂ ಗೊಂಬೆಗಳ ಮುಖದಲ್ಲಿ ಇಲ್ಲ. ಮಠಕ್ಕೆ ಹೇಳಬೇಕಾದ ಮಾತೊಂದಿದೆ, ಹಳ್ಳಿ ತನ್ನ ಕಾಲ ಮೇಲೆ ತಾನು ನಿಂತಿತ್ತು ಅಂತ. ಗೊಂಬೆಗಳು ಆ ಮಾತನ್ನು ಹೇಳುತ್ತಿವೆ, ಅಷ್ಟೇ. ಗೊಟಗೋಡಿಯೂ ಹಳೆಯ ಕಾಲವನ್ನು ಚಂದ ಮಾಡಿಯೇ ತೋರಿಸುತ್ತದೆ, ಇಲ್ಲ ಅನ್ನುವುದಿಲ್ಲ. ಗೌಡರ ಮನೆ ಅಷ್ಟು ದೊಡ್ಡದಾಗಿದ್ದು ಯಾರ ದುಡಿಮೆಯಿಂದ ಅಂತ ಅಲ್ಲೂ ಯಾರೂ ಕೇಳುವುದಿಲ್ಲ. ಆದರೂ ಅಲ್ಲಿನ ಜನಕ್ಕೆ ತಮ್ಮದೇ ಒಂದು ಸ್ವಭಾವ ಇದೆ, ಸಿಡುಕುವವರು ಇದ್ದಾರೆ, ಚೌಕಾಸಿ ಮಾಡುವವರು ಇದ್ದಾರೆ. ಕಲೆ ನೋಡಲು ಹೋಗುವವರಿಗೆ ನನ್ನ ಓಟು ಗೊಟಗೋಡಿಗೇ.

ದಾರಿಯ ಲೆಕ್ಕ ಹೇಳುವುದಾದರೆ, ಹುಬ್ಬಳ್ಳಿಯಿಂದ ಗೊಟಗೋಡಿ ಮುಕ್ಕಾಲು ಗಂಟೆಯ ಆಸುಪಾಸು. ಕನಕದಾಸರ ಬಾಡ, ಷರೀಫರ ಶಿಶುನಾಳ ಎರಡೂ ಅದೇ ತಾಲೂಕಿನಲ್ಲಿವೆ, ಸ್ವಂತ ಗಾಡಿ ಇದ್ದರೆ ಒಂದನ್ನು ಸೇರಿಸಿಕೊಳ್ಳಬಹುದು. ಬೆಳಗಾವಿಯಿಂದ ಕನೇರಿಗೆ ಎರಡು ಗಂಟೆ ಇಟ್ಟುಕೊಳ್ಳಿ. ಹೇಗೂ ಕೊಲ್ಹಾಪುರದ ಮಹಾಲಕ್ಷ್ಮಿಗೆ ಹೋಗುವವರು ಅದನ್ನು ಬಿಡಬಾರದು, ಅದಕ್ಕಂತಲೇ ಹುಬ್ಬಳ್ಳಿಯಿಂದ ಹೋಗಿ ಬರುವುದು ಮಾತ್ರ ಜಾಸ್ತಿಯಾಯಿತು.

ಬಿಸಿಲು ಎರಡೂ ಕಡೆ ಒಂದೇ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಹೋದರೆ ಮಕ್ಕಳು ಗೊಂಬೆ ಬಿಟ್ಟು ಐಸ್‌ಕ್ರೀಮ್ ಹಿಂದೆ ಬೀಳುತ್ತವೆ. ಮಳೆ ನಿಂತ ಮೇಲೆ, ಬೆಳಿಗ್ಗೆ ಬೇಗ ಹೋಗಿ. ವಯಸ್ಸಾದವರಿದ್ದರೆ ಗೊಟಗೋಡಿಯಲ್ಲಿ ಎಲ್ಲವನ್ನೂ ನೋಡಲೇಬೇಕೆಂದು ಹಟ ಹಿಡಿಯಬೇಡಿ. ಸಂತೆ ಮತ್ತು ಗೌಡರ ಮನೆಗೆ ಮೊದಲು ಹೋಗಿ, ದೋಣಿ, ಆಟ ಎಲ್ಲ ಆಮೇಲೆ.

ಬೆಂಗಳೂರಿನವರು "ನಮಗೆ ಯಾವುದು?" ಅಂತ ಕೇಳಿದರೆ ನಾನು ಇವೆರಡನ್ನೂ ಹೇಳುವುದಿಲ್ಲ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಅಲ್ಲಿ ಗೊಂಬೆಗಳಿಗಿಂತ ಜನ ನಿಜವಾಗಿ ಬಳಸಿದ ಸಾಮಾನುಗಳೇ ಮುಖ್ಯ, ದೂರವೂ ಇಲ್ಲ.